ಮರದ ಮೇಲಿನ ಜರೀಗಿಡ ಮರವನ್ನು ಕೊಲ್ಲುತ್ತದೆಯೇ? ಕೀಳುವ ಮೊದಲು ಎಲೆಯ ಅಡಿ ನೋಡಿ

ಮಳೆಗಾಲ ಶುರುವಾದರೆ ಸಾಕು, ಮಲೆನಾಡು, ಕೊಡಗು, ಕರಾವಳಿಯ ಮರಗಳ ಮೈಮೇಲೆಲ್ಲ ಹಸಿರು ಚಿಗುರುತ್ತದೆ. ಜೊತೆಗೆ ಒಂದು ಮಾತೂ ಹರಿದಾಡುತ್ತದೆ: “ಇವು ಮರದ ಸಾರ ಹೀರುವ ಗಿಡಗಳು, ಕಂಡ ಕೂಡಲೇ ಕಿತ್ತುಹಾಕಿ.” ಇದು ನಿಜವೇ?

ಅರ್ಧ ಮಾತ್ರ ನಿಜ. ಮರದ ಸಾರ ಹೀರುವ ಗಿಡಗಳು ಇರುವುದು ಹೌದು. ಆದರೆ ಜರೀಗಿಡ, ಅಂದರೆ ಫರ್ನ್, ಆ ಸಾಲಿಗೆ ಸೇರುವುದಿಲ್ಲ.

ವ್ಯತ್ಯಾಸವೇನು?

ಜರೀಗಿಡದ ಬೇರು ತೊಗಟೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ. ಅದಕ್ಕೆ ಬೇಕಾದ ನೀರು ಮಳೆ, ಮಂಜಿನಿಂದ ಸಿಗುತ್ತದೆ. ಪೋಷಕಾಂಶ ಕೊಳೆತ ತರಗೆಲೆ, ಧೂಳಿನಿಂದ ಬರುತ್ತದೆ. ಮರ ಅದಕ್ಕೆ ಜಾಗ ಕೊಡುತ್ತದೆ, ಊಟ ಹಾಕುವುದಿಲ್ಲ.

ನಿಜವಾಗಿ ಸಾರ ಹೀರುವುದು ಬಂದಳಿಕೆ. ಕೆಲವೆಡೆ ಇದಕ್ಕೆ ಬದನಿಕೆ ಎನ್ನುತ್ತಾರೆ. ಮಾವು, ಸಪೋಟ ಮರಗಳಲ್ಲಿ ಇದು ಸಾಮಾನ್ಯ. ಹಕ್ಕಿಗಳು ಇದರ ಹಣ್ಣು ತಿಂದಾಗ ಅಂಟಂಟಾದ ಬೀಜ ಕೊಂಬೆಗೆ ಮೆತ್ತಿಕೊಳ್ಳುತ್ತದೆ. ಅಲ್ಲೇ ಮೊಳೆತು, ಕೊಂಬೆಯೊಳಕ್ಕೆ ಬೇರಿಳಿಸಿ ನೀರು, ಲವಣ ಕದಿಯುತ್ತದೆ.

ಗುರುತಿಸುವುದು ಹೇಗೆ?

1. ಹೂವು, ಹಣ್ಣು ಇದೆಯೇ? ಇದ್ದರೆ ಅದು ಜರೀಗಿಡವಲ್ಲ. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ.

2. ಎಳೆಯ ಎಲೆ ಸುರುಳಿ ಸುತ್ತಿಕೊಂಡು ಬರುತ್ತಿದೆಯೇ? ಅದು ಬಹುತೇಕ ಜರೀಗಿಡ.

3. ಬಲಿತ ಎಲೆಯ ಅಡಿಯಲ್ಲಿ ಕಂದು ಚುಕ್ಕಿ ಅಥವಾ ಗೆರೆ ಇದೆಯೇ? ಇದು ರೋಗವಲ್ಲ, ಹುಳದ ಮೊಟ್ಟೆಯೂ ಅಲ್ಲ. ಜರೀಗಿಡ ಸಂತಾನ ಬೆಳೆಸುವ ಬೀಜಕಗಳ ಗುಂಪು. ಎಲೆಯ ಮೇಲೆ ಶಲ್ಕ ಕೀಟ ಕೂತಿದ್ದರೆ ಅಡ್ಡಾದಿಡ್ಡಿಯಾಗಿರುತ್ತದೆ. ಬೀಜಕಗಳ ಗುಂಪು ಹೆಚ್ಚಾಗಿ ಒಂದು ಕ್ರಮದಲ್ಲಿರುತ್ತದೆ.

ಸಾಮಾನ್ಯವಾಗಿ ಕಾಣುವ ಮೂರು

ಡ್ರೈನೇರಿಯಾ: ಇದಕ್ಕೆ ಎರಡು ಬಗೆಯ ಎಲೆ. ಉದ್ದನೆಯ, ಸೀಳಿದಂತಿರುವ ಹಸಿರು ಎಲೆ ಒಂದು. ಬುಡದಲ್ಲಿ ಕಾಗದದಂತೆ ಒಣಗಿದ ಕಂದು ಎಲೆ ಇನ್ನೊಂದು. ಆ ಕಂದು ಎಲೆ ಕಂಡು ಗಿಡ ಸತ್ತಿದೆ ಎಂದುಕೊಳ್ಳಬೇಡಿ. ಉದುರುವ ತರಗೆಲೆ ಹಿಡಿದು ಗೊಬ್ಬರ ಮಾಡಿಕೊಳ್ಳುವ ಬುಟ್ಟಿ ಅದು.

ಹಕ್ಕಿಗೂಡು ಜರೀಗಿಡ: ಸೀಳಿಲ್ಲದ ಅಗಲ ಎಲೆಗಳು ಗೂಡಿನಂತೆ ಸುತ್ತ ಹರಡಿರುತ್ತವೆ. ಎಲೆಯ ಅಡಿ ಸ್ಕೇಲ್ ಇಟ್ಟು ಎಳೆದಂತೆ ಗೆರೆಗಳು.

ಪೈರೋಸಿಯಾ: ಬೆರಳುದ್ದದ ದಪ್ಪ ಎಲೆ, ಕಾಂಡದ ಮೇಲೆ ಬಳ್ಳಿಯಂತೆ ಹರಿಯುತ್ತದೆ. ಎಲೆಯ ಅಡಿ ನವಿರಾದ ರೋಮ.

ಹಾಗಾದರೆ ಕೀಳಲೇಬಾರದೇ?

ಮನೆಯ ಮೇಲೆ ಬಾಗಿದ ಟೊಳ್ಳು ಕೊಂಬೆಯಲ್ಲಿ ದೊಡ್ಡ ಪೊದೆಯೇ ಇದ್ದರೆ, ಮಳೆನೀರು ಕುಡಿದ ಭಾರಕ್ಕೆ ಕೊಂಬೆ ಮುರಿಯಬಹುದು. ಅಂಥ ಕಡೆ ತೆಗೆಸುವುದು ಸರಿ. ಉಳಿದಂತೆ ಅದನ್ನು ಅದರ ಪಾಡಿಗೆ ಬಿಡಿ. ಎಷ್ಟೋ ಕಪ್ಪೆ, ಹುಳುಗಳಿಗೆ ಅದೇ ಮನೆ.

ಬಂದಳಿಕೆಯನ್ನು ಮಾತ್ರ ಮೇಲಿಂದ ಕಿತ್ತರೆ ಸಾಲದು, ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗದಿಂದ ಸ್ವಲ್ಪ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು.

ನಮ್ಮ ಆತಂಕ ಇಷ್ಟೇ: “ಎಲ್ಲ ಕಿತ್ತುಹಾಕಿ” ಎಂಬ ಮಾತು ನಂಬಿದರೆ, ಕೈಗೆಟುಕುವ ಕಾಂಡದ ಮೇಲಿನ ನಿರಪರಾಧಿ ಜರೀಗಿಡ ಹೋಗುತ್ತದೆ, ಎತ್ತರದ ಕೊಂಬೆಯಲ್ಲಿರುವ ಕಳ್ಳ ಉಳಿಯುತ್ತಾನೆ. ಮುಂದಿನ ಸಲ ಅಂಥ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದು ಎಲೆ ತಿರುಗಿಸಿ ನೋಡಿ.