ಎರ್ದೊಗಾನ್ ಗೆದ್ದರು, ಆದರೆ ಲಿರಾ ಗೆಲ್ಲಬೇಕಲ್ಲ?

2023ರ ಮೇ 28ರ ಎರಡನೇ ಸುತ್ತಿನಲ್ಲಿ ಶೇ. 52ರಷ್ಟು ಮತ ಪಡೆದು ರಜಬ್ ತಯ್ಯಿಬ್ ಎರ್ದೊಗಾನ್ ಮತ್ತೆ ಟರ್ಕಿಯ ಅಧ್ಯಕ್ಷರಾದರು. ಅವರನ್ನು ಮುಸ್ಲಿಂ ಜಗತ್ತಿನ ನಾಯಕನೆಂದು ಮೆಚ್ಚುವ ಯುವಕರು ನಮ್ಮಲ್ಲೂ ಇದ್ದಾರೆ. ಆದರೆ ಈ ಐದು ವರ್ಷದ ಅವಧಿಯಲ್ಲಿ ಅವರು ಯಾರ ಜೊತೆ ನಿಲ್ಲುತ್ತಾರೆ, ಯಾರನ್ನು ಎದುರಿಸುತ್ತಾರೆ ಎಂದು ತಿಳಿಯಬೇಕಾದರೆ ಭಾಷಣಕ್ಕಿಂತ ಮೊದಲು ಲಿರಾದ ಲೆಕ್ಕ ನೋಡಬೇಕು.

2021ರ ಆರಂಭದಲ್ಲಿ ಒಂದು ಡಾಲರಿಗೆ ಏಳೂವರೆ ಲಿರಾ ಕೊಟ್ಟರೆ ಸಾಕಿತ್ತು. 2023ರ ಜುಲೈಯಲ್ಲಿ ಅದು 26 ದಾಟಿತ್ತು. 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 85 ಮುಟ್ಟಿತ್ತು. ಬಡ್ಡಿ ಏರಿಸುವುದೇ ಇಲ್ಲ ಎಂದು ಹಠ ಹಿಡಿದಿದ್ದ ಎರ್ದೊಗಾನ್, ಗೆದ್ದ ಮೇಲೆ ಮೆಹ್ಮೆತ್ ಶಿಮ್ಶೆಕ್‌ರನ್ನು ಹಣಕಾಸು ಸಚಿವರನ್ನಾಗಿ ಮಾಡಿದರು. ಎರಡೇ ತಿಂಗಳಲ್ಲಿ ಬಡ್ಡಿ 8.5ರಿಂದ 17.5ಕ್ಕೆ ಹೋಯಿತು.

ಈ ಇಕ್ಕಟ್ಟು ವಿದೇಶಾಂಗ ನೀತಿಯಲ್ಲೂ ಕಾಣುತ್ತದೆ. ಟರ್ಕಿ ಉಕ್ರೇನಿಗೆ ಡ್ರೋನ್ ಮಾರುತ್ತದೆ, ಆದರೆ ರಷ್ಯಾದ ಮೇಲೆ ನಿರ್ಬಂಧ ಹಾಕಲಿಲ್ಲ. ಹಾಕುವುದಾದರೂ ಹೇಗೆ? ಅದಕ್ಕೆ ಅತಿ ಹೆಚ್ಚು ಅನಿಲ ಮಾರುವುದೇ ರಷ್ಯಾ. ಅಕ್ಕುಯು ಅಣುಸ್ಥಾವರ ಕಟ್ಟುತ್ತಿರುವುದೂ ರಷ್ಯಾವೇ. ಆದರೂ ಟರ್ಕಿ ಮುಂದೆ ನಿಂತು ಮಾಡಿಸಿದ ಧಾನ್ಯ ಒಪ್ಪಂದದಿಂದ 2023ರ ಜುಲೈ 17ರಂದು ಪುಟಿನ್ ಹೊರನಡೆದರು.

ಇನ್ನು ಪಶ್ಚಿಮದ ಕಡೆ. 2023ರ ಜೂನ್ 28ರಂದು ಸ್ಟಾಕ್‌ಹೋಮ್‌ನಲ್ಲಿ ಕುರ್‌ಆನ್ ಸುಟ್ಟಾಗ ಎರ್ದೊಗಾನ್ ಕಟುವಾಗಿ ಖಂಡಿಸಿದರು. ಎರಡು ವಾರ ಕಳೆಯುವ ಮೊದಲೇ, ವಿಲ್ನಿಯಸ್‌ನಲ್ಲಿ, ಸ್ವೀಡನ್‌ನ ನ್ಯಾಟೋ ಸದಸ್ಯತ್ವವನ್ನು ಸಂಸತ್ತಿನ ಮುಂದಿಡಲು ಒಪ್ಪಿದರು. ಟರ್ಕಿಯ ರಫ್ತಿನಲ್ಲಿ ಸುಮಾರು ಶೇ. 40 ಹೋಗುವುದು ಯುರೋಪಿಯನ್ ಒಕ್ಕೂಟಕ್ಕೆ. ರಷ್ಯಾದ ಎಸ್-400 ಖರೀದಿಸಿ ಅಮೆರಿಕದ ಎಫ್-35 ಯೋಜನೆಯಿಂದ ಹೊರಬಿದ್ದ ದೇಶಕ್ಕೆ ಆಗ ಎಫ್-16 ಆದರೂ ಬೇಕಿತ್ತು.

ಗಲ್ಫ್‌ನ ಕಥೆಯೂ ಇದೇ. 2018ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಜಮಾಲ್ ಖಶೋಗ್ಗಿ ಹತ್ಯೆಯ ಬಗ್ಗೆ ಅತಿ ಜೋರಾಗಿ ಮಾತಾಡಿದ್ದು ಎರ್ದೊಗಾನ್. 2022ರಲ್ಲಿ ಟರ್ಕಿಯ ನ್ಯಾಯಾಲಯ ಆ ಪ್ರಕರಣವನ್ನು ಸೌದಿಗೇ ಒಪ್ಪಿಸಿತು. 2023ರ ಮಾರ್ಚ್‌ನಲ್ಲಿ ಸೌದಿ ಟರ್ಕಿಯ ಕೇಂದ್ರ ಬ್ಯಾಂಕಿನಲ್ಲಿ 500 ಕೋಟಿ ಡಾಲರ್ ಇಟ್ಟಿತು. 2023ರ ಜುಲೈಯಲ್ಲಿ ಅಬುಧಾಬಿಯಲ್ಲಿ 5,000 ಕೋಟಿ ಡಾಲರ್ ದಾಟುವ ಒಪ್ಪಂದಗಳಾದವು. ಕಾಗದದ ಮೇಲಿನ ಮೊತ್ತ ಬೇರೆ, ಕೈಗೆ ಬರುವ ಹಣ ಬೇರೆ ಎಂಬುದು ವ್ಯಾಪಾರ ಮಾಡುವ ಎಲ್ಲರಿಗೂ ಗೊತ್ತು.

ಇದನ್ನೆಲ್ಲ ಇಬ್ಬಂದಿತನ ಎಂದು ತಳ್ಳಿಹಾಕುವುದು ಸುಲಭ. ತನ್ನ ಜನರ ಅಡುಗೆಮನೆ ಖಾಲಿಯಾಗದಂತೆ ನೋಡುವುದೂ ನಾಯಕನ ಕೆಲಸವೇ. ಆದರೆ ಚೌಕಾಸಿಯಲ್ಲಿ ಧ್ವನಿಯೇ ಇಲ್ಲದವರು ಒಬ್ಬರಿದ್ದಾರೆ: ಟರ್ಕಿಯಲ್ಲಿರುವ ಸಿರಿಯನ್ ನಿರಾಶ್ರಿತರು; 2023ರಲ್ಲಿ ಅವರು ಸುಮಾರು 33 ಲಕ್ಷ ಇದ್ದರು. ಕತಾರ್‌ನ ನೆರವಿನಿಂದ ಉತ್ತರ ಸಿರಿಯದಲ್ಲಿ ಮನೆ ಕಟ್ಟಿಸಿ ಹತ್ತು ಲಕ್ಷ ಮಂದಿಯನ್ನು ಕಳುಹಿಸುವುದಾಗಿ ಎರ್ದೊಗಾನ್ ಹೇಳಿದ್ದರು. ಆಗ ಸಿರಿಯವನ್ನು ಆಳುತ್ತಿದ್ದ ಅಸದ್ ಮಾತ್ರ, ಮೊದಲು ಟರ್ಕಿಯ ಸೈನ್ಯ ಹೊರಹೋಗಲಿ ಎನ್ನುತ್ತಿದ್ದರು.

ಬಾಗಿಲು ತೆರೆದು ಅವರನ್ನು ಒಳಗೆ ಕರೆದದ್ದು ಇದೇ ಎರ್ದೊಗಾನ್. ಲಿರಾ ಇನ್ನಷ್ಟು ಕುಸಿದಾಗಲೂ ಆ ಬಾಗಿಲು ಅವರ ಪಾಲಿಗೆ ಬಾಗಿಲಾಗಿಯೇ ಉಳಿಯುತ್ತದೆಯೇ? ಅಭಿಮಾನಿಗಳು ಕೇಳಬೇಕಾದ ಪ್ರಶ್ನೆ ಅದು.