ದ್ರಾಕ್ಷಾರಸದ ಹಿಂದಿನ ಬೆವರು

ಬಲಿಪೂಜೆಯಲ್ಲಿ ಪಾನಪಾತ್ರೆಗೆ ಸುರಿಯುವ ದ್ರಾಕ್ಷಾರಸ ತೀರ ಸ್ವಲ್ಪ. ಅದು ದ್ರಾಕ್ಷಿಯಿಂದಲೇ ತೆಗೆದ, ಕೆಡದಿರುವ, ಸಹಜವಾದ ರಸವಾಗಿರಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಆದರೆ ಆ ಹನಿಗಳ ಹಿಂದೆ ಒಂದು ಇಡೀ ವರ್ಷದ ದುಡಿಮೆ ಅಡಗಿದೆಯೆಂಬುದನ್ನು ನಾವು ನೆನೆಯುವುದು ಅಪರೂಪ.

ಕುರಕುಂಟಾ, ಸೇಡಂ, ಚಿಂಚೋಳಿಗಳ ಜನರಿಗೆ ಪರಿಚಿತವಾದುದು ತೊಗರಿಯ ಪಂಚಾಂಗ. ಮುಂಗಾರಿಗೆ ಬಿತ್ತನೆ, ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ಕಟಾವು, ಅನಂತರ ರಾಶಿ. 2005ರಲ್ಲಿ ಸ್ಥಾಪನೆಗೊಂಡ ನಮ್ಮ ಕಲಬುರಗಿ ಧರ್ಮಕ್ಷೇತ್ರದ ಇನ್ನೊಂದು ತುದಿಯಾದ ವಿಜಯಪುರ ಜಿಲ್ಲೆಯಲ್ಲಿ ಬದುಕನ್ನು ನಡೆಸುವುದು ದ್ರಾಕ್ಷಿಯ ಪಂಚಾಂಗ.

ಅಲ್ಲಿ ಬಳ್ಳಿಗೆ ವರ್ಷಕ್ಕೆರಡು ಸಲ ಕತ್ತರಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಮ್ಮೆ, ಜಪಮಾಲೆಯ ಮಾಸವಾದ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಮೊದಲನೆಯದು ಬಳ್ಳಿಗೆ ಕಸುವು ತುಂಬುವುದಕ್ಕೆ, ಎರಡನೆಯದು ಫಲಕ್ಕೆ. ಕ್ರಿಸ್ತಜಯಂತಿಯ ವೇಳೆಗೆ ಎಳೆಗಾಯಿ. ತಪಸ್ಸುಕಾಲದಲ್ಲಿ ಸಿಹಿ ತುಂಬಿದ ಗೊಂಚಲು. ಹೂ ಬಿಡುವಾಗ ಅಕಾಲಿಕ ಮಳೆ ಬಂದರೆ ಬೂಜುರೋಗ, ಒಣಗಿಸುವಾಗ ಬಂದರೆ ಹಣ್ಣೆಲ್ಲ ಹಾಳು. ಈ ಫಸಲಿನ ಹೆಚ್ಚಿನ ಪಾಲು ಒಣದ್ರಾಕ್ಷಿಯಾಗುತ್ತದೆ. ದ್ರಾಕ್ಷಾರಸಕ್ಕೆ ಹೋಗುವುದು ಕಿರುಪಾಲು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಾರಸಕ್ಕೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿತು. 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತು ದೊರೆಯಿತು. ಹಣ್ಣಿಗೆ ಹೆಸರು ಬಂದಿತು. ಗೊಂಚಲು ಕತ್ತರಿಸುವ ಕೈಗೆ ಹೆಸರಿಲ್ಲ.

ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯನ್ನು ನಾವೆಲ್ಲ ಬಲ್ಲೆವು. ಸಂಜೆಯವರೆಗೂ ಸಂತೆಬೀದಿಯಲ್ಲಿ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ, ಅವರನ್ನು ಕರೆಯುವವರಿರಲಿಲ್ಲ. ತೊಗರಿಯ ರಾಶಿ ಮುಗಿದೊಡನೆ ಮನೆಗೆ ಬೀಗ ಹಾಕಿ ಹೈದರಾಬಾದು, ಮುಂಬಯಿ, ಬೆಂಗಳೂರಿನ ದಾರಿ ಹಿಡಿಯುವ ನಮ್ಮ ಭಾಗದ ಕುಟುಂಬಗಳು ಅದೇ ಸಂತೆಬೀದಿಯಲ್ಲಿ ನಿಂತಿವೆ. ಆ ಮಕ್ಕಳ ಶಾಲೆ ಪರೀಕ್ಷೆಯ ಹೊತ್ತಿಗೇ ತಪ್ಪುತ್ತದೆ. ಊರಿನಲ್ಲೇ ಉಳಿದವರಲ್ಲಿಯೂ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವುದು ರೂಢಿ. ಸಮಾನ ದುಡಿಮೆಗೆ ಸಮಾನ ವೇತನವೆಂದು 1976ರಲ್ಲೇ ಶಾಸನವಾಯಿತು. ಹೊಲದ ಬದುವನ್ನು ಅದು ಇನ್ನೂ ಪೂರ್ತಿಯಾಗಿ ದಾಟಿಲ್ಲ.

ದೂರದ ತೋಟದ ಒಡೆಯನಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ವಿಶ್ವಾಸಿಗಳಲ್ಲಿಯೂ ನಾಲ್ಕು ಎಕರೆ ಹೊಲವುಳ್ಳವರಿದ್ದಾರೆ, ಮನೆಗೆಲಸಕ್ಕೆ ಆಳಿಟ್ಟುಕೊಂಡವರಿದ್ದಾರೆ. ಕೂಲಿಯನ್ನು ಸೂರ್ಯಾಸ್ತಕ್ಕೆ ಮುನ್ನ ಕೊಡಬೇಕೆಂದು ಹಳೆಯ ಒಡಂಬಡಿಕೆಯೇ ವಿಧಿಸಿದೆ. ಮುಂದಿನ ವಾರ ಕೊಡುವೆನೆಂಬ ಮಾತು ನಮ್ಮ ಬಾಯಿಂದ ಎಷ್ಟು ಸಲ ಬಂದಿದೆ?

ಕಾಣಿಕೆಯ ಹೊತ್ತಿನಲ್ಲಿ ನಾವು ದೇವರಿಗೆ ಒಪ್ಪಿಸುವುದು ಬಳ್ಳಿಯ ಫಲವನ್ನು ಮಾತ್ರವಲ್ಲ, ಮನುಷ್ಯರ ದುಡಿಮೆಯನ್ನೂ ಕೂಡ. ಆ ದುಡಿಮೆಯ ಬೆಲೆಯನ್ನು ತಡೆಹಿಡಿದ ಕೈಯಿಂದ ಪಾನಪಾತ್ರೆಯನ್ನು ಮೇಲೆತ್ತಲಾಗದು. ಈ ಸಲದ ತೊಗರಿ ಕಟಾವಿಗೆ ನಮ್ಮ ಕುಟುಂಬಗಳು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿಯನ್ನು ಅಂದಂದೇ ಕೊಡಲಿ. ಅದಕ್ಕಿಂತ ಮಿಗಿಲಾದ ಕಾಣಿಕೆಯನ್ನು ನಾವು ಕಾಣೆವು.