ತಲೆ ಲೆಕ್ಕ, ಕುರ್ಚಿ ಲೆಕ್ಕ

ಹೈದರಾಬಾದಿನಲ್ಲಿ ನೆಲೆ ನಿಂತ ನಮ್ಮಂಥ ಕನ್ನಡಿಗರಿಗೆ ಊರಿನ ನೆಂಟರು ತಪ್ಪದೆ ಹೇಳುವ ಎರಡು ಮಾತುಗಳಿವೆ. ಒಂದು, ‘ಅವರ ಸಂಖ್ಯೆ ಏರ್ತಾನೇ ಅದ ನೋಡ್ರಿ.’ ಇನ್ನೊಂದು, ‘ಅವರೆಲ್ಲಾ ಒಬ್ಬನ ಮಾತು ಕೇಳಿ ಓಟು ಹಾಕ್ತಾರ.’ ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದವನು ನಾನು. ಈ ಎರಡೂ ತಾಳೆಯಾಗುವುದಿಲ್ಲ.

ಮೊದಲು ತಲೆ ಲೆಕ್ಕ. 2011ರ ಜನಗಣತಿಯಂತೆ ಮುಸ್ಲಿಮರು ದೇಶದಲ್ಲಿ ಶೇ 14.2, ಕರ್ನಾಟಕದಲ್ಲಿ ಶೇ 12.9, ಹೈದರಾಬಾದ್ ಜಿಲ್ಲೆಯಲ್ಲಿ ಶೇ 43ಕ್ಕೂ ಮೇಲೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೂ ನೋಡಬೇಕಲ್ಲ? 1992-93ರಲ್ಲಿ ಮುಸ್ಲಿಂ ತಾಯಿಗೆ ಸರಾಸರಿ 4.4 ಮಕ್ಕಳು, ಹಿಂದೂ ತಾಯಿಗೆ 3.3. 2019-21ರ ಹೊತ್ತಿಗೆ ಅದು 2.36 ಮತ್ತು 1.94. ಇಬ್ಬರ ನಡುವಿನ ಅಂತರ ಅರ್ಧಕ್ಕಿಂತ ಕಡಿಮೆಯಾಗಿದೆ. ಇದನ್ನು ಯಾರೂ ಹೇಳೋದಿಲ್ಲ.

ಇನ್ನು ಕುರ್ಚಿ ಲೆಕ್ಕ. 543 ಸ್ಥಾನಗಳ ಲೋಕಸಭೆಗೆ 2024ರಲ್ಲಿ ಗೆದ್ದ ಮುಸ್ಲಿಮರು 24. ಜನಸಂಖ್ಯೆಯ ಪ್ರಮಾಣಕ್ಕೆ 77 ಆಗಬೇಕಿತ್ತು. ನಮ್ಮ ಕರ್ನಾಟಕದ 28ರಲ್ಲಿ ಸೊನ್ನೆ! 2004ರಲ್ಲಿ ಗುಲ್ಬರ್ಗದಿಂದ ಇಕ್ಬಾಲ್ ಅಹಮದ್ ಸರಡಗಿ ಗೆದ್ದರು. ಆಮೇಲಿನ ನಾಲ್ಕು ಚುನಾವಣೆಗಳಲ್ಲಿ ಒಬ್ಬರೂ ಇಲ್ಲ. ಗುಲ್ಬರ್ಗ 2009ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಉಳಿದ ಸಾಮಾನ್ಯ ಕ್ಷೇತ್ರಗಳಲ್ಲಿ ಏನಾಯಿತು? 2024ರಲ್ಲಿ ಕಾಂಗ್ರೆಸ್ ಕೊಟ್ಟದ್ದು ಒಂದೇ ಟಿಕೆಟ್, ಬಿಜೆಪಿ ಅದನ್ನೂ ಕೊಡಲಿಲ್ಲ.

ಹಳೇ ಶಹರದ ನಾಯಕತ್ವವನ್ನು ನಾನು ಹೊಗಳುತ್ತಿಲ್ಲ. ಹೈದರಾಬಾದ್ ಲೋಕಸಭಾ ಕ್ಷೇತ್ರದಲ್ಲಿ 1984ರಿಂದ 2024ರವರೆಗೆ ಹನ್ನೊಂದು ಚುನಾವಣೆ ಗೆದ್ದದ್ದು ಒಂದೇ ಮನೆ: ಅಪ್ಪ ಸುಲ್ತಾನ್ ಸಲಾಹುದ್ದೀನ್ ಓವೈಸಿ, ಮಗ ಅಸಾದುದ್ದೀನ್. 2023ರಲ್ಲಿ ಅವರ ಮಜ್ಲಿಸ್ ಪಕ್ಷದಿಂದ ಗೆದ್ದ ಏಳು ಶಾಸಕರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಇಷ್ಟು ದೊಡ್ಡ ಸಮುದಾಯದಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಎಂದು ಅಲ್ಲಿನವರೇ ಕೇಳಬೇಕು.

ಆದರೆ ಅದೇ ಪಕ್ಷ ಆ ವರ್ಷ ತೆಲಂಗಾಣದ 119 ಕ್ಷೇತ್ರಗಳಲ್ಲಿ ಸ್ಪರ್ಧಿಸಿದ್ದು ಬರೇ ಒಂಬತ್ತರಲ್ಲಿ. ಮಿಕ್ಕ ಕಡೆಯ ಮುಸ್ಲಿಮರು ಓಟು ಹಾಕಿದ್ದು ಬೇರೆ ಪಕ್ಷಗಳಿಗೇ ತಾನೆ? ಹಾಗಿದ್ದರೆ ‘ಒಬ್ಬನ ಮಾತು’ ಎಲ್ಲಿ ಬಂತು? ಬ್ಯಾಂಕಿನಲ್ಲಿ ಎಲ್ಲ ಕೌಂಟರುಗಳೂ ಮುಚ್ಚಿ ಒಂದೇ ತೆರೆದಿದ್ದರೆ ಸಾಲು ಅಲ್ಲೇ ಬೆಳೆಯುತ್ತದೆ. ಸಾಲಿನಲ್ಲಿ ನಿಂತವರನ್ನು ಬೈದು ಏನು ಪ್ರಯೋಜನ?

ಮೈಸೂರು ಕಡೆಯವರು ಮಿರ್ಜಾ ಇಸ್ಮಾಯಿಲರ ಹೆಸರನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 1926ರಿಂದ 1941ರವರೆಗೆ ದಿವಾನರಾಗಿದ್ದ ಅವರು 1946ರಲ್ಲಿ ಹೈದರಾಬಾದಿಗೂ ಪ್ರಧಾನಿಯಾಗಿ ಬಂದರು. ಇಲ್ಲಿ ಅವರನ್ನು ವಿರೋಧಿಸಿದ್ದು ಅಂದಿನ ಮಜ್ಲಿಸ್. ಮರುವರ್ಷವೇ ರಾಜೀನಾಮೆ ಕೊಟ್ಟು ಹೊರಟರು. ಎಲ್ಲರಿಗೂ ಸಲ್ಲುವ ನಾಯಕನನ್ನು ಮತೀಯ ರಾಜಕಾರಣ ಬಾಳಗೊಡಲಿಲ್ಲ. ಅವರನ್ನು ದಿವಾನರನ್ನಾಗಿ ಮಾಡಿದ್ದು ಮಹಾರಾಜರು, ಜನರ ಓಟಲ್ಲ, ನಿಜ. ಆದರೆ ಒಬ್ಬ ಅರಸ ತೋರಿದ ದೊಡ್ಡ ಮನಸ್ಸನ್ನು ಕೋಟಿಗಟ್ಟಲೆ ಮತದಾರರಾದ ನಾವು ತೋರಲಾರೆವೇ?

ತಲೆ ಎಣಿಸುವುದು ಸುಲಭ. ಕರ್ನಾಟಕದ ಸೊನ್ನೆಯನ್ನು ಮೊದಲು ಅಳಿಸಿರಿ. ಆಮೇಲೆ ನಮ್ಮ ಹಳೇ ಶಹರಕ್ಕೆ ಬುದ್ಧಿ ಹೇಳುವಿರಂತೆ.